ಚಕ್ಕುಬಂದಿ

ಹದಿನಾರು ವರ್ಷ ಬಲಗಾಲಿನಲ್ಲಿ ದುಡಿದೆ.
ಬೆರಳು ಆಮೇಲೆ, ಕಾಲು ಮೊದಲು. ಒತ್ತಿದರೆ ಡಾಕ್ಟರು ಮಾತಾಡುತ್ತಾರೆ,
ಬಿಟ್ಟರೆ ಅರ್ಧ ಪದದಲ್ಲಿ ಬಾಯಿ ತೆರೆದು ನಿಲ್ಲುತ್ತಾರೆ.
ಹೆಬ್ಬಾಳದ ಕೈಗಾರಿಕಾ ಬಡಾವಣೆ, ಎರಡನೇ ಮಹಡಿ,
ರಾತ್ರಿ ಎರಡಕ್ಕೆ ಎಲ್ಲಿಂದಲೋ ಸುಟ್ಟ ರಬ್ಬರಿನ ವಾಸನೆ,
ಕಿವಿಯಲ್ಲಿ ಒಹಾಯೋದ ಹೃದಯತಜ್ಞ
ಸೇಬು ಕಚ್ಚುತ್ತಾ ಯಾರದೋ ಎದೆಯ ವರದಿ ಒಪ್ಪಿಸುವುದು.
ಅವನ ಮುಖ ಕಂಡವಳಲ್ಲ. ಆದರೆ ಅವನು ಹಲ್ಲು ಕಟ್ಟಿಸಿಕೊಂಡ ವಾರ
ನನಗೆ ತಿಳಿಯಿತು: ಸಕಾರವೆಲ್ಲ ಶಕಾರವಾಗಿತ್ತು.

ಈಗ ಯಂತ್ರವೇ ಕೇಳಿಸಿಕೊಳ್ಳುತ್ತದೆ.
ಅದರ ಹಿಂದೆ ನಾನು, ಮಗು ಉಂಡೆದ್ದ ಜಾಗ ಒರೆಸುವ ಹಾಗೆ.
ಸಾಲಿಗಿಷ್ಟು ಎಂದು ಬರುತ್ತಿದ್ದ ಕಾಸು ಅರ್ಧಕ್ಕಿಳಿಯಿತು.
ಮೇಜಿನಡಿ ಪೆಡಲ್ಲು, ಸತ್ತ ಆಮೆ.
ಕಾಲಿಗೆ ಮಾತ್ರ ಸುದ್ದಿ ಮುಟ್ಟಿಲ್ಲ;
ಸಿಟಿ ಬಸ್ಸಿನಲ್ಲಿ ಪಕ್ಕದವರು ಹರಟೆಗೆ ಕೂತರೆ
ಹೆಬ್ಬೆರಳು ಚಪ್ಪಲಿಯನ್ನು ಅದುಮುತ್ತದೆ.

ಚೀಟಿ ಎತ್ತಿ ಫೀಸು ಕಟ್ಟಿದೆ. ಭಾನುವಾರ ಕೋಡಿಂಗ್ ತರಗತಿ,
ಸರಸ್ವತಿಪುರಂ, ಬೇಕರಿಯ ಮೇಲೆ. ಪಾಠದ ನಡುವೆ
ಬೆಣ್ಣೆ ಬಿಸ್ಕತ್ತಿನ ತಟ್ಟೆ ಕೆಳಗೆ ಒಲೆಯಿಂದ ಹೊರಬರುತ್ತದೆ,
ಹನ್ನೆರಡು ಮಂದಿ ಒಟ್ಟಿಗೆ ಉಸಿರೆಳೆಯುತ್ತೇವೆ.
ಕಲಿಸುವವಳು ಸುಮೈಯಾ. ನಾನೇ ಒಂದು ಕಾಲಕ್ಕೆ
'ಹೈಪೋ ಬೇರೆ ಹೈಪರ್ ಬೇರೆ' ಎಂದು ಗದರಿಸಿ ಅಳಿಸಿದ ಹುಡುಗಿ.
ಈಗ ಅವಳು ಬೋರ್ಡಿನ ಮುಂದೆ; ನನ್ನನ್ನು ಅಕ್ಕ ಅನ್ನುವುದೋ
ಹೆಸರು ಹಿಡಿಯುವುದೋ ತಿಳಿಯದೆ 'ನೀವು, ಹಿಂದಿನ ಬೆಂಚು' ಅನ್ನುತ್ತಾಳೆ.

ಪ್ರತಿ ರೋಗಕ್ಕೂ ಒಂದು ಸಂಖ್ಯೆಯಂತೆ. ಬಾತುಕೋಳಿ ಕಚ್ಚಿದರೂ ಇದೆ.
ಎಡವೋ ಬಲವೋ, ಮೊದಲ ಭೇಟಿಯೋ ಮತ್ತೆ ಬಂದದ್ದೋ,
ಕೊನೆಯ ಅಕ್ಷರ ಹೇಳಬೇಕು.
ಪಾಂಡವಪುರದ ಯೋಗಾನಂದ ಲೆಕ್ಕ ಹಾಕುತ್ತಾನೆ:
ಗಂಟೆಗೆ ಇಷ್ಟು ಚಾರ್ಟು, ಎರಡು ವರ್ಷಕ್ಕೆ ಆಡಿಟರ್, ಆಮೇಲೆ ಟೀಮ್ ಲೀಡ್.
ನಾನು ಪುಸ್ತಕದಲ್ಲಿ ಬೇರೇನನ್ನೋ ಕಾಣುತ್ತಿದ್ದೆ:
ಪೂರ್ವಕ್ಕೆ ಕೆಂಪಯ್ಯನ ಜಮೀನು, ಪಶ್ಚಿಮಕ್ಕೆ ನಾಲೆ,
ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಸ್ವಂತ ಗದ್ದೆ.

ಅಪ್ಪ ಮಂಡ್ಯದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯೆದುರು
ಪತ್ರದ ಮರಿಸ್ವಾಮಿ. ಕೊಡೆ, ಮರದ ಪೆಟ್ಟಿಗೆ, ನೀಲಿ ಮಸಿ.
ಮಾರಿದ್ದು ಯಾರದೋ, ಕೊಂಡದ್ದು ಯಾರೋ, ಅಕ್ಷರ ಅಪ್ಪನದು.
'ಕೇಳ್ಸದಿದ್ರೆ ಇನ್ನೊಂದ್ಸಲ ಕೇಳು ಕಣವ್ವ.
ಆಗ್ಲೂ ಕೇಳ್ಸದಿದ್ರೆ ಜಾಗ ಬುಡು. ಊಹೆ ಮಾಡ್ಬ್ಯಾಡ.
ಒಂದಕ್ಷರ ಆಚೀಚೆ ಆದ್ರೆ ಒಬ್ನ ಬದು ಹೊಯ್ತದೆ.'

ಯಂತ್ರ ಜಾಗ ಬಿಡುವುದಿಲ್ಲ. ಅದಕ್ಕೆ ಎಲ್ಲವೂ ಕೇಳಿಸುತ್ತದೆ.
ಹೋದ ಮಂಗಳವಾರ ಡಾಕ್ಟರು ಸೇಬು ಕಚ್ಚಿದಾಗ
ಒಂದು 'ಇಲ್ಲ' ಅವರ ಹಲ್ಲಿಗೆ ಸಿಕ್ಕಿತು.
ತೆರೆಯ ಮೇಲೆ ಅಚ್ಚುಕಟ್ಟಾಗಿ: ಬಲ ಶ್ವಾಸಕೋಶದಲ್ಲಿ ಗಡ್ಡೆ ಇದೆ.
ನಾಲ್ಕು ಸಲ ಹಿಂದಕ್ಕೆ ಹೋದೆ. ಐದನೆಯದಕ್ಕೆ
ಸಿಪ್ಪೆಯ ಸದ್ದಿನ ಕೆಳಗೆ ಅದು ಸಿಕ್ಕಿತು.
ಆ ಸಾಲಿಗೂ ಕೊಟ್ಟದ್ದು ಅರ್ಧ ಕಾಸೇ.

ಪರೀಕ್ಷೆ ಮುಗಿಯಿತು. ಪಾಸು, ಎರಡು ಅಂಕದಲ್ಲಿ.
ಸುಮೈಯಾ ಫೋನಿನಲ್ಲಿ 'ಅಕ್ಕಾ' ಎಂದು ಕಿರುಚಿದಳು.
ಹೊಸ ಕಂಪನಿಯ ಅರ್ಜಿಯಲ್ಲಿ ವಯಸ್ಸು, ಅನುಭವ, ಎಲ್ಲ ತುಂಬಿದೆ.
ಕೊನೆಗೆ: ಐದು ವರ್ಷದ ನಂತರ ನೀವು ಎಲ್ಲಿರುತ್ತೀರಿ?
ಕಾಲು ನೆಲವನ್ನು ಎರಡು ಸಲ ಒತ್ತಿತು.
ಒಂದು ಗೆರೆ ಎಳೆದೆ. ಪಕ್ಕದಲ್ಲಿ, ಅಭ್ಯಾಸಬಲದಿಂದ,
ಮುಂದೆ ಯಾರಾದರೂ ಅಲ್ಲಿಗೇ ಬಂದು ಕೇಳಲಿ ಎಂದು
ವೇಳೆ ಬರೆದೆ: ಹನ್ನೊಂದು ಗಂಟೆ, ನಾಲ್ಕು ನಿಮಿಷ.